ಬಿಳಿ ರಕ್ತಕಣಗಳ ಆನುವಂಶಿಕ ಕೊರತೆಗಳು: ಗುರುತಿಸುವ ಬಗೆ

ಬಿಳಿ ರಕ್ತಕಣಗಳ ಆನುವಂಶಿಕ ಕೊರತೆಗಳು: ವಂಶವಾಹಿಯ ದೋಷದಿಂದ ಬಿಳಿ ಕಣಗಳು ಸಾಕಷ್ಟು ಹುಟ್ಟದೆ, ಹುಟ್ಟಿದರೂ ಸೋಂಕಿನ ಜಾಗ ತಲಪದೆ, ತಲಪಿದರೂ ರೋಗಾಣುವನ್ನು ಕೊಲ್ಲಲಾರದೆ ಮೈ ಪದೇ ಪದೇ ಸೋಂಕಿಗೆ ತುತ್ತಾಗುವ ರೋಗಗಳ ಗುಂಪು. ಎಚ್‌ಐವಿ, ಅಪೌಷ್ಟಿಕತೆ, ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಅಥವಾ ಕ್ಯಾನ್ಸರ್ ಔಷಧಗಳಿಂದ ನಡುವೆ ಬರುವ ಕೊರತೆಗಳು ಈ ಗುಂಪಿಗೆ ಸೇರುವುದಿಲ್ಲ. ಅಂತರರಾಷ್ಟ್ರೀಯ ಇಮ್ಯುನಾಲಜಿ ಸಂಘಗಳ ಒಕ್ಕೂಟ 2022ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಹುಟ್ಟಿನಿಂದ ಬರುವ ಒಟ್ಟು 485 ರೋಗನಿರೋಧ ದೋಷಗಳಿದ್ದವು. ಒಂದೊಂದೂ ಅಪರೂಪ. ಎಲ್ಲ ಸೇರಿದಾಗ ಮಕ್ಕಳ ವೈದ್ಯರು ತಮ್ಮ ವೃತ್ತಿಜೀವನದಲ್ಲಿ ಒಮ್ಮೆಯಾದರೂ ಎದುರಿಸುವಷ್ಟು ಸಾಮಾನ್ಯ.

ಈ ರೋಗಗಳನ್ನು ದೃಢಪಡಿಸುವ ಯಂತ್ರಗಳಿರುವುದು ಕೆಲವೇ ಸಂಸ್ಥೆಗಳಲ್ಲಿ. ಅನುಮಾನ ಹುಟ್ಟಿಸುವ ಸುಳಿವುಗಳಾದರೋ ಬಡಾವಣೆಯ ದವಾಖಾನೆಯಲ್ಲೇ ಸಿಗುತ್ತವೆ: ಸಾಮಾನ್ಯ ರಕ್ತಪರೀಕ್ಷೆಯ ಚೀಟಿ, ತೋಳಿನ ಮೇಲೆ ಬಿಸಿಜಿ ಎಂಬ ಕ್ಷಯದ ಲಸಿಕೆಯ ಗುರುತು, ಹೊಕ್ಕುಳಬಳ್ಳಿ ಬಿದ್ದ ದಿನ, ಮನೆತನದಲ್ಲಿ ಎಳವೆಯಲ್ಲೇ ತೀರಿಹೋದ ಮಕ್ಕಳ ವಿವರ. ಇವನ್ನು ಒಟ್ಟಿಗೆ ಇಟ್ಟು ಓದುವವರಿಲ್ಲದಿದ್ದಾಗ ರೋಗ ವರ್ಷಗಟ್ಟಲೆ ಮರೆಯಲ್ಲಿ ಉಳಿಯುತ್ತದೆ. ಮುಂಬಯಿಯ ಉತ್ತರ ತುದಿಯ ದಹಿಸರ್‌ನಂಥ ಉಪನಗರದಿಂದ ಪರೇಲ್‌ನ ಪ್ರಯೋಗಾಲಯದವರೆಗಿನ ದಾರಿ ಈ ಮಾತಿಗೆ ಒಳ್ಳೆಯ ನಿದರ್ಶನ.

ಬಿಳಿ ಕಣಗಳ ಕೆಲಸ

ಆರೋಗ್ಯವಂತ ವಯಸ್ಕರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000 ಬಿಳಿ ಕಣಗಳಿರುತ್ತವೆ. ಇವುಗಳಲ್ಲಿ ಹೆಚ್ಚಿನವು ನ್ಯೂಟ್ರೋಫಿಲ್‌ಗಳು. ಸೋಂಕಾದ ಜಾಗಕ್ಕೆ ಮೊದಲು ಓಡುವ ಇವು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳನ್ನು ನುಂಗಿ ಕೊಲ್ಲುತ್ತವೆ. ಕೀವು ಎಂದರೆ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳೇ. ಮಾನೊಸೈಟ್‌ಗಳು ಅಂಗಾಂಶಗಳಿಗಿಳಿದು ಮ್ಯಾಕ್ರೊಫೇಜ್‌ಗಳಾಗುತ್ತವೆ. ಕ್ಷಯದ ರೋಗಾಣುವನ್ನು ಹಿಡಿದಿಡುವುದು ಇವುಗಳ ಹೊಣೆ. ಲಿಂಫೋಸೈಟ್‌ಗಳಲ್ಲಿ ಬಿ ಕಣಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ, ಟಿ ಕಣಗಳು ವೈರಸ್ ಮತ್ತು ಶಿಲೀಂಧ್ರಗಳ ವಿರುದ್ಧದ ಹೋರಾಟವನ್ನು ನಡೆಸುತ್ತವೆ.

ಯಾವ ಕಣ ಸೋತಿದೆ ಎಂಬುದನ್ನು ಸೋಂಕಿನ ಬಗೆಯೇ ಸೂಚಿಸುತ್ತದೆ. ಚರ್ಮ, ಗ್ರಂಥಿ, ಯಕೃತ್ತು, ಮೂಳೆಗಳಲ್ಲಿ ಆಳವಾದ ಕುರುಗಳಾದರೆ ನ್ಯೂಟ್ರೋಫಿಲ್‌ಗಳತ್ತ ನೋಡಬೇಕು. ಕಿವಿ ಸೋರುವಿಕೆ, ಸೈನಸ್ ಸೋಂಕು, ನ್ಯುಮೋನಿಯಾ ಮರುಕಳಿಸಿದರೆ ಬಿ ಕಣಗಳತ್ತ. ಹಾಲುಗೂಸಿನ ಬಾಯಲ್ಲಿ ಆರದ ಬಿಳಿ ಬೂಷ್ಟು, ನಿಲ್ಲದ ಭೇದಿ, ಏರದ ತೂಕ ಕಂಡರೆ ಟಿ ಕಣಗಳತ್ತ. ಕ್ಷಯದ ಗುಂಪಿನ ದುರ್ಬಲ ರೋಗಾಣುಗಳೂ ಮೈಯೆಲ್ಲ ಹರಡಿದರೆ ಮ್ಯಾಕ್ರೊಫೇಜ್ ಮತ್ತು ಟಿ ಕಣಗಳ ನಡುವಿನ ಸಂದೇಶದಲ್ಲಿ ತೊಡಕಿದೆಯೇ ಎಂದು ಹುಡುಕಬೇಕು.

ಅರಿವು ಬೆಳೆದ ಹಾದಿ

ಬಿಳಿ ಕಣಗಳು ಹೊರಗಿನ ವಸ್ತುವನ್ನು ಮುತ್ತಿ ನುಂಗುತ್ತವೆ ಎಂಬುದನ್ನು ಇಲ್ಯಾ ಮೆಚ್ನಿಕಾಫ್ 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗಳಿಗೆ ಮುಳ್ಳು ಚುಚ್ಚಿ ನೋಡಿ ಕಂಡುಕೊಂಡರು. 1908ರ ನೊಬೆಲ್ ಪ್ರಶಸ್ತಿಯನ್ನು ಪಾಲ್ ಎರ್ಲಿಶ್ ಅವರೊಂದಿಗೆ ಹಂಚಿಕೊಂಡರು. ಒಡೆಸ್ಸಾದಲ್ಲಿ ಅವರ ಶಿಷ್ಯರಾಗಿದ್ದ ವಾಲ್ಡೆಮಾರ್ ಹಾಫ್‌ಕಿನ್ 1896ರ ಪ್ಲೇಗಿನ ಹೊತ್ತಿಗೆ ಮುಂಬಯಿಗೆ ಬಂದು ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಅದನ್ನು ಮೊದಲು ತಮಗೇ ಚುಚ್ಚಿಕೊಂಡರು. 1899ರಲ್ಲಿ ಪರೇಲ್‌ನ ಹಳೆಯ ಗವರ್ನರ್ ಭವನಕ್ಕೆ ಸ್ಥಳಾಂತರವಾದ ಅವರ ಪ್ರಯೋಗಾಲಯ 1925ರಿಂದ ಹಾಫ್‌ಕಿನ್ ಸಂಸ್ಥೆ ಎನಿಸಿಕೊಂಡಿತು.

ಆನುವಂಶಿಕ ಕೊರತೆಗಳ ಅಧ್ಯಯನಕ್ಕೆ 1952 ಮಹತ್ವದ ವರ್ಷ. ಅಮೆರಿಕದ ಆಗ್ಡೆನ್ ಬ್ರೂಟನ್ ಪ್ರತಿಕಾಯಗಳೇ ಇಲ್ಲದ ಹುಡುಗನೊಬ್ಬನ ವಿವರ ಪ್ರಕಟಿಸಿದ್ದು ಆ ವರ್ಷ. ಪರೇಲ್‌ನ ಕೆಇಎಂ ಆಸ್ಪತ್ರೆಗೆ ಸೇರಿದ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನ ವೈ.ಎಂ. ಭೆಂಡೆ ಮತ್ತು ಸಂಗಡಿಗರು ಕೆಂಪು ಕಣದ ಮೇಲೆ ಎಚ್ ಎಂಬ ಗುರುತೇ ಇಲ್ಲದ 'ಬಾಂಬೆ ರಕ್ತ ಗುಂಪ'ನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದ್ದೂ ಅದೇ ವರ್ಷ. ಆಗ ಇವೆರಡಕ್ಕೂ ನಂಟಿದೆಯೆಂದು ಯಾರೂ ಎಣಿಸಿರಲಿಲ್ಲ. ನಲವತ್ತು ವರ್ಷಗಳ ಬಳಿಕ, 1992ರಲ್ಲಿ, ಇಸ್ರೇಲಿನ ವೈದ್ಯರು ಇಬ್ಬರು ಹುಡುಗರಲ್ಲಿ ಬಿಳಿ ಕಣಗಳು ರಕ್ತನಾಳದ ಒಳಗೋಡೆಗೆ ಅಂಟಲಾರದ ಹೊಸ ರೋಗವೊಂದನ್ನು ವರ್ಣಿಸಿದರು. ಆ ಹುಡುಗರದು ಬಾಂಬೆ ರಕ್ತ ಗುಂಪಾಗಿತ್ತು. ಫ್ಯೂಕೋಸ್ ಎಂಬ ಸಕ್ಕರೆ ಸೇರದಿದ್ದರೆ ಕೆಂಪು ಕಣದ ಮೇಲಿನ ಎಚ್ ಗುರುತೂ ರಚನೆಯಾಗದು, ಬಿಳಿ ಕಣ ನಾಳದ ಗೋಡೆ ಹಿಡಿಯಲು ಬೇಕಾದ ಕೊಂಡಿಯೂ ರಚನೆಯಾಗದು. ಎರಡನೆಯ ಬಗೆಯ ಅಂಟಿಕೆ ಕೊರತೆ ಎಂದು ಕರೆಯುವ ಈ ರೋಗದಲ್ಲಿ ದೋಷವಿರುವುದು ಫ್ಯೂಕೋಸನ್ನು ಸಾಗಿಸುವ ವಂಶವಾಹಿಯಲ್ಲಿ. ಸಾಮಾನ್ಯ ಬಾಂಬೆ ಗುಂಪಿನವರಲ್ಲಿ ದೋಷ ಬೇರೆಯದೇ ವಂಶವಾಹಿಯಲ್ಲಿರುವುದರಿಂದ ಅವರ ರೋಗನಿರೋಧ ಶಕ್ತಿಗೆ ಕುಂದಿಲ್ಲ. ರಕ್ತ ಪಡೆಯಬೇಕಾದಾಗ ಅದೇ ಗುಂಪಿನ ದಾನಿ ಬೇಕಾಗುವುದಷ್ಟೇ ಅವರ ತೊಡಕು.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 1957ರಲ್ಲಿ ಮುಂಬಯಿಯಲ್ಲಿ ರಕ್ತ ಗುಂಪುಗಳ ಪರಾಮರ್ಶನ ಕೇಂದ್ರವನ್ನು ತೆರೆಯಿತು. ಅದೇ ಮುಂದೆ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆಯಾಗಿ ಬೆಳೆದು, ಇಂದು ಕೆಇಎಂ ಆವರಣದ ಬಹುಮಹಡಿ ಕಟ್ಟಡದ 13ನೆಯ ಮಹಡಿಯಲ್ಲಿ ಈ ರೋಗಗಳ ಪತ್ತೆ ನಡೆಸುತ್ತಿದೆ.

ಮುಖ್ಯ ಬಗೆಗಳು

ಹುಟ್ಟಿನ ನ್ಯೂಟ್ರೋಫಿಲ್ ಕೊರತೆ: ಅಸ್ಥಿಮಜ್ಜೆಯಲ್ಲಿ ನ್ಯೂಟ್ರೋಫಿಲ್‌ಗಳು ಬಲಿಯುವ ಮೊದಲೇ ನಶಿಸುತ್ತವೆ. ರಕ್ತದಲ್ಲಿ ಅವುಗಳ ಸಂಖ್ಯೆ ಮೈಕ್ರೋಲೀಟರ್‌ಗೆ 500ಕ್ಕಿಂತ ಕೆಳಗಿರುತ್ತದೆ. ಸ್ವೀಡನ್ನಿನ ರೋಲ್ಫ್ ಕಾಸ್ಟ್‌ಮನ್ 1950ರ ದಶಕದಲ್ಲಿ ಇದನ್ನು ವಿವರಿಸಿದರು. ಬಾಯಿಹುಣ್ಣು, ಒಸಡಿನ ಊತ, ಹೊಕ್ಕುಳ ಸೋಂಕು, ಚರ್ಮದ ಕುರುಗಳು ಮೊದಲ ತಿಂಗಳುಗಳಲ್ಲೇ ಕಾಣಿಸುತ್ತವೆ. ಇದರ ಇನ್ನೊಂದು ರೂಪದಲ್ಲಿ ಸಂಖ್ಯೆ ಸುಮಾರು 21 ದಿನಗಳಿಗೊಮ್ಮೆ ಕುಸಿದು ಮತ್ತೆ ಏರುತ್ತದೆ. ಆದ್ದರಿಂದ ಒಂದೇ ಪರೀಕ್ಷೆ ಸಾಲದು. ವಾರಕ್ಕೆ ಎರಡು ಬಾರಿಯಂತೆ ಆರು ವಾರ ಎಣಿಸಿದರೆ ಏರಿಳಿತ ಬಯಲಾಗುತ್ತದೆ.

ಕ್ರಾನಿಕ್ ಗ್ರಾನುಲೊಮೇಟಸ್ ರೋಗ (ಸಿಜಿಡಿ): ನ್ಯೂಟ್ರೋಫಿಲ್‌ಗಳ ಸಂಖ್ಯೆ ಸರಿಯಿದ್ದು, ರೋಗಾಣುವನ್ನು ನುಂಗುವುದೂ ನಡೆದು, ಕೊಲ್ಲಲು ಬೇಕಾದ ಆಮ್ಲಜನಕದ ಉಗ್ರ ರೂಪ ಮಾತ್ರ ತಯಾರಾಗುವುದಿಲ್ಲ. ಸ್ಟೆಫಿಲೊಕಾಕಸ್, ಬರ್ಖೋಲ್ಡೇರಿಯಾ, ಸೆರೇಶಿಯಾ, ನೊಕಾರ್ಡಿಯಾ ಮತ್ತು ಆಸ್ಪರ್ಜಿಲಸ್ ಶಿಲೀಂಧ್ರ ಇದರಲ್ಲಿ ಕಾಡುವ ಮುಖ್ಯ ಶತ್ರುಗಳು. ಮಗುವಿನ ಯಕೃತ್ತಿನಲ್ಲಿ ಸ್ಟೆಫಿಲೊಕಾಕಸ್ ಕುರು ಕಂಡರೆ ಮೊದಲು ನೆನೆಯಬೇಕಾದದ್ದು ಈ ರೋಗವನ್ನೇ. ಎಕ್ಸ್ ವರ್ಣತಂತುವಿನ ಮೂಲಕ ತಾಯಿಯಿಂದ ಗಂಡುಮಕ್ಕಳಿಗೆ ಬರುವ ರೂಪ ಪಾಶ್ಚಾತ್ಯ ದೇಶಗಳಲ್ಲಿ ಹೆಚ್ಚು. ತಂದೆತಾಯಿ ಇಬ್ಬರಿಂದಲೂ ದೋಷ ಬಂದಾಗ ತಲೆದೋರುವ ರೂಪಗಳು ರಕ್ತಸಂಬಂಧದ ಮದುವೆ ರೂಢಿಯಿರುವ ಸಮಾಜಗಳಲ್ಲಿ ಹೆಚ್ಚಾಗುತ್ತವೆ. ಅವು ಹೆಣ್ಣುಮಕ್ಕಳಲ್ಲೂ ಕಾಣುತ್ತವೆ, ಕೆಲವೊಮ್ಮೆ ಪ್ರಾಯಕ್ಕೆ ಬಂದ ಮೇಲೆ ತಿಳಿಯುತ್ತವೆ.

ಬಿಳಿ ಕಣಗಳ ಅಂಟಿಕೆ ಕೊರತೆ (ಎಲ್‌ಎಡಿ): ಮೊದಲ ಬಗೆಯಲ್ಲಿ ಸಿಡಿ18 ಎಂಬ ಪ್ರೋಟೀನ್ ಇರುವುದಿಲ್ಲ. ಕಣಗಳು ನಾಳದಿಂದ ಹೊರಬರಲಾರವು. ಹೀಗಾಗಿ ರಕ್ತದಲ್ಲಿ ಬಿಳಿ ಕಣಗಳ ಸಂಖ್ಯೆ ವಿಪರೀತ ಏರಿದ್ದರೂ ಹುಣ್ಣಿನಲ್ಲಿ ಕೀವು ಇರುವುದಿಲ್ಲ. ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಉದುರುವ ಹೊಕ್ಕುಳಬಳ್ಳಿ ತಿಂಗಳು ಕಳೆದರೂ ಬೀಳದಿರುವುದು ಇದರ ಪ್ರಸಿದ್ಧ ಲಕ್ಷಣ. ಬಳ್ಳಿ ತಡವಾಗಿ ಬಿದ್ದ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಇರುತ್ತಾರೆ. ಜೊತೆಗೆ ಹೊಕ್ಕುಳ ಸೋಂಕೂ ಏರಿದ ಕಣಸಂಖ್ಯೆಯೂ ಇದ್ದರೆ ತಡಮಾಡುವಂತಿಲ್ಲ.

ಚೆಡಿಯಾಕ್–ಹಿಗಾಶಿ ಮತ್ತು ಗ್ರಿಸೆಲಿ ರೋಗಗಳು: ಇವನ್ನು ಕೂದಲೇ ಹೇಳಿಬಿಡುತ್ತದೆ. ಮಗುವಿನ ಕೂದಲು ಬೆಳ್ಳಿಬೂದಿ ಬಣ್ಣದ್ದಾಗಿ, ಮೈಬಣ್ಣ ಮನೆಯವರಿಗಿಂತ ತೆಳುವಾಗಿರುತ್ತದೆ. ಚೆಡಿಯಾಕ್–ಹಿಗಾಶಿಯಲ್ಲಿ ಗಾಜಿನ ಫಲಕದ ಮೇಲೆ ಹರಡಿದ ರಕ್ತದ ಲೇಪದಲ್ಲೇ ನ್ಯೂಟ್ರೋಫಿಲ್‌ಗಳೊಳಗಿನ ದೈತ್ಯ ಕಾಳುಗಳು ಕಾಣುತ್ತವೆ. ಗ್ರಿಸೆಲಿಯಲ್ಲಿ ಆ ಕಾಳುಗಳಿಲ್ಲ. ಸೂಕ್ಷ್ಮದರ್ಶಕದಡಿ ಕೂದಲೆಳೆಯಲ್ಲಿ ಬಣ್ಣ ದೊಡ್ಡ, ಅಸಮ ಮುದ್ದೆಗಳಾಗಿ ಕೂತಿರುತ್ತದೆ. ಯಂತ್ರವೇ ಎಣಿಸಿ ಚೀಟಿ ಮುದ್ರಿಸುವ ಈ ಕಾಲದಲ್ಲಿ, ರಕ್ತದ ಲೇಪವನ್ನು ಕಣ್ಣಾರೆ ನೋಡುವ ಪೆಥಾಲಜಿಸ್ಟ್ ಇದ್ದರೆ ಮಾತ್ರ ಸಿಗುವ ಸುಳಿವು ಇದು.

ಲಿಂಫೋಸೈಟ್ ಕೊರತೆಗಳು: ತೀವ್ರ ಸಂಯುಕ್ತ ರೋಗನಿರೋಧ ಕೊರತೆಯಲ್ಲಿ (ಎಸ್‌ಸಿಐಡಿ) ಟಿ ಕಣಗಳೇ ಇರುವುದಿಲ್ಲ, ಚಿಕಿತ್ಸೆಯಿಲ್ಲದ ಮಗು ಸಾಮಾನ್ಯವಾಗಿ ಎರಡು ವರ್ಷ ದಾಟುವುದಿಲ್ಲ. ಬ್ರೂಟನ್ ವಿವರಿಸಿದ ರೋಗದಲ್ಲಿ ಬಿ ಕಣಗಳಿಲ್ಲ. ಗರ್ಭದಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳು ಕೆಲವು ತಿಂಗಳು ಕಾಯುವುದರಿಂದ ಅದರ ಸೋಂಕುಗಳು ಆರು ತಿಂಗಳ ನಂತರವೇ ಶುರುವಾಗುತ್ತವೆ. ವಿಸ್ಕಾಟ್–ಆಲ್ಡ್ರಿಚ್ ರೋಗದಲ್ಲಿ ಇಸುಬು, ಸೋಂಕು, ರಕ್ತಸ್ರಾವ ಒಟ್ಟಿಗೆ ಬರುತ್ತವೆ. ಪ್ಲೇಟ್‌ಲೆಟ್‌ಗಳು ಸಂಖ್ಯೆಯಲ್ಲಿ ಕಡಿಮೆಯಿದ್ದು ಗಾತ್ರದಲ್ಲೂ ಕಿರಿದಾಗಿರುತ್ತವೆ.

ಅನುಮಾನಪಡಬೇಕಾದ ಸೂಚನೆಗಳು

ಶಾಲೆಗೆ ಹೋಗತೊಡಗಿದ ಮಗುವಿಗೆ ವರ್ಷಕ್ಕೆ ಆರೆಂಟು ಬಾರಿ ನೆಗಡಿ-ಜ್ವರ ಬರುವುದು ಸಹಜ. ನಡುವೆ ಪೂರ್ತಿ ಗುಣವಾಗಿ, ತೂಕವೂ ಏರುತ್ತಿದ್ದರೆ ಚಿಂತೆ ಬೇಡ. ಅಮೆರಿಕದ ಜೆಫ್ರಿ ಮೋಡೆಲ್ ಫೌಂಡೇಶನ್ ಪ್ರಚುರಪಡಿಸಿದ ಹತ್ತು ಎಚ್ಚರಿಕೆಯ ಸೂಚನೆಗಳನ್ನು ಜಗತ್ತಿನ ಹಲವೆಡೆ ಬಳಸುತ್ತಾರೆ: ವರ್ಷದಲ್ಲಿ ನಾಲ್ಕು ಅಥವಾ ಹೆಚ್ಚು ಕಿವಿ ಸೋಂಕು; ಎರಡು ತೀವ್ರ ಸೈನಸ್ ಸೋಂಕು; ಎರಡು ನ್ಯುಮೋನಿಯಾ; ಎರಡು ತಿಂಗಳು ಆಂಟಿಬಯಾಟಿಕ್ ಕೊಟ್ಟರೂ ಫಲವಿಲ್ಲದಿರುವುದು; ಶಿಶುವಿನ ತೂಕ ಮತ್ತು ಬೆಳವಣಿಗೆ ಕುಂಠಿತವಾಗುವುದು; ಚರ್ಮದಲ್ಲಿ ಅಥವಾ ಅಂಗಗಳಲ್ಲಿ ಮರುಕಳಿಸುವ ಆಳವಾದ ಕುರು; ಬಾಯಲ್ಲಿ ಅಥವಾ ಚರ್ಮದಲ್ಲಿ ಆರದ ಶಿಲೀಂಧ್ರ; ಸೋಂಕು ತೊಲಗಲು ರಕ್ತನಾಳದ ಮೂಲಕವೇ ಔಷಧ ಬೇಕಾಗುವುದು; ರಕ್ತದ ನಂಜೂ ಸೇರಿ ಎರಡು ಆಳವಾದ ಸೋಂಕು; ಕುಟುಂಬದಲ್ಲಿ ಇಂಥ ರೋಗವಿರುವುದು.

ಭಾರತದಲ್ಲಿ ಈ ಪಟ್ಟಿಗೆ ಬಿಸಿಜಿಯನ್ನು ಸೇರಿಸಲೇಬೇಕು. ಇಲ್ಲಿ ಹುಟ್ಟಿದ ಕೂಡಲೇ ಪ್ರತಿ ಮಗುವಿಗೂ ಜೀವಂತ ಬಿಸಿಜಿ ಲಸಿಕೆ ಹಾಕುತ್ತಾರೆ. ಕೆಲವು ವಾರಗಳಲ್ಲಿ ಸಣ್ಣ ಗುಳ್ಳೆಯಾಗಿ, ಒಡೆದು, ಮಾಯ್ದು ಕಲೆ ಉಳಿಯುವುದು ಸರಿಯಾದ ನಡೆ. ಗಾಯ ಹಿಗ್ಗುತ್ತಲೇ ಹೋದರೆ, ಅದೇ ಬದಿಯ ಕಂಕುಳಲ್ಲಿ ಗಂಟು ಬಾತು ಸೋರತೊಡಗಿದರೆ, ಬಳಿಕ ಜ್ವರವೂ ಯಕೃತ್ತು-ಗುಲ್ಮಗಳ ಊತವೂ ಸೇರಿದರೆ ಎಸ್‌ಸಿಐಡಿ, ಸಿಜಿಡಿ ಅಥವಾ ಕ್ಷಯದ ಗುಂಪಿನ ರೋಗಾಣುಗಳಿಗೆ ಮುಖ್ಯವಾಗಿ ಮಣಿಯುವ ವಿಶೇಷ ಕೊರತೆಯನ್ನು ಹುಡುಕಬೇಕು. ಕ್ಷಯ ವ್ಯಾಪಕವಾಗಿರುವ ಮುಂಬಯಿಯಲ್ಲಿ ಇಂಥ ಮಗುವಿಗೆ ಕ್ಷಯದ ಔಷಧ ಶುರುವಾಗಿ ವಿಚಾರಣೆ ಅಲ್ಲಿಗೇ ನಿಲ್ಲುವ ಅಪಾಯವಿದೆ. ಔಷಧ ಬೇಕಾದದ್ದೇ, ಜೊತೆಗೆ, ಈ ಮೈ ಲಸಿಕೆಯ ದುರ್ಬಲ ರೋಗಾಣುವನ್ನೂ ಏಕೆ ತಡೆಯಲಿಲ್ಲ ಎಂಬ ಪ್ರಶ್ನೆಗೂ ಉತ್ತರ ಬೇಕು.

ಮನೆತನದ ಚರಿತ್ರೆ

ಎಕ್ಸ್ ವರ್ಣತಂತುವಿನ ರೋಗಗಳು ತಾಯಿಯ ಕಡೆಯಿಂದ ಇಳಿದುಬರುತ್ತವೆ. ಹೀಗಾಗಿ ಕೇಳಬೇಕಾದ ಮೊದಲ ಪ್ರಶ್ನೆ: ಮಗುವಿನ ಸೋದರಮಾವಂದಿರಲ್ಲಿ, ಅಜ್ಜಿಯ ತಮ್ಮಂದಿರಲ್ಲಿ, ದೊಡ್ಡಮ್ಮ-ಚಿಕ್ಕಮ್ಮಂದಿರ ಗಂಡುಮಕ್ಕಳಲ್ಲಿ ಯಾರಾದರೂ ಎಳವೆಯಲ್ಲೇ ತೀರಿಕೊಂಡರೇ? ಉಳಿದ ಹಲವು ರೋಗಗಳಿಗೆ ತಂದೆತಾಯಿಯ ರಕ್ತಸಂಬಂಧ ಮುಖ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮದುವೆಗಳಲ್ಲಿ ಸುಮಾರು ಕಾಲು ಭಾಗ ರಕ್ತಸಂಬಂಧದೊಳಗೆ ನಡೆದವು. ಸೋದರಮಾವನ ಜೊತೆ, ಅತ್ತೆ-ಮಾವಂದಿರ ಮಕ್ಕಳ ಜೊತೆ ಮದುವೆ ಅಲ್ಲಿನ ಹಳೆಯ ರೂಢಿ.

ಮುಂಬಯಿಯ ಕನ್ನಡ ಮತ್ತು ತುಳು ಕುಟುಂಬಗಳಲ್ಲಿ ಈ ಚರಿತ್ರೆ ಎರಡು ಊರುಗಳಲ್ಲಿ ಹಂಚಿಹೋಗಿರುವುದು ಸಾಮಾನ್ಯ. ಬಾಣಂತನ ಉಡುಪಿಯ ಅಥವಾ ಮಂಗಳೂರಿನ ಕಡೆಯ ತವರಿನಲ್ಲಿ, ಬಿಸಿಜಿ ಅಲ್ಲಿ. ಮುಂದಿನ ಲಸಿಕೆಗಳು, ಮೊದಲ ನ್ಯುಮೋನಿಯಾ, ಎಕ್ಸ್-ರೇ ದಹಿಸರ್‌ನಲ್ಲಿ. ಹೊಕ್ಕುಳಬಳ್ಳಿ ಬಿದ್ದ ದಿನ ಅಜ್ಜಿಗೆ ಗೊತ್ತು, ತಂದೆಗೆ ಗೊತ್ತಿಲ್ಲ. ತೀರಿಹೋದ ಕೂಸಿನ ಮಾತನ್ನು ಹೊಸ ಸೊಸೆಯ ಮುಂದೆ ಯಾರೂ ಎತ್ತಿರುವುದಿಲ್ಲ. ಊರಿನ ತಾಯಿ ಕಾರ್ಡ್, ಮುಂಬಯಿಯ ಲಸಿಕೆ ಪುಸ್ತಕ, ಹಳೆಯ ರಕ್ತಪರೀಕ್ಷೆಯ ಚೀಟಿಗಳನ್ನು ಒಂದೇ ಫೈಲಿನಲ್ಲಿ ಸೇರಿಸಿ, ವೈದ್ಯರ ಮುಂದೆ ಕೂತೇ ಅಜ್ಜಿಗೆ ಫೋನ್ ಮಾಡಿ ವಂಶವೃಕ್ಷ ಬರೆಸಿಕೊಂಡರೆ ಎಷ್ಟೋ ವಿಷಯ ಹೊರಬೀಳುತ್ತದೆ.

ಪರೀಕ್ಷೆಗಳು

ಮೊದಲನೆಯದು ಸಿಬಿಸಿ, ಅಂದರೆ ರಕ್ತಕಣಗಳ ಸಂಪೂರ್ಣ ಎಣಿಕೆ. ಇದನ್ನು ಓದುವಲ್ಲಿ ಆಗುವ ಸಾಮಾನ್ಯ ತಪ್ಪು, ಶೇಕಡಾವಾರು ಅಂಕಿಯಲ್ಲೇ ನಿಲ್ಲುವುದು. ಒಟ್ಟು ಸಂಖ್ಯೆಯನ್ನು ಶೇಕಡಾವಾರಿನಿಂದ ಗುಣಿಸಿ ಪ್ರತಿ ಬಗೆಯ ನಿಜ ಸಂಖ್ಯೆ ತೆಗೆಯಬೇಕು. ಮೂರು ತಿಂಗಳ ಕೂಸಿನ ಒಟ್ಟು ಬಿಳಿ ಕಣ 6,000, ಲಿಂಫೋಸೈಟ್ ಶೇ. 25 ಎಂದಿದ್ದರೆ ಲಿಂಫೋಸೈಟ್‌ಗಳು 1,500. ವಯಸ್ಕರಿಗೆ ಇದು ಸರಿಯಾದ ಅಂಕಿ. ಹಾಲುಗೂಸಿನಲ್ಲಿ 3,000ಕ್ಕಿಂತ ಕಡಿಮೆಯಿದ್ದರೇ ಎಸ್‌ಸಿಐಡಿಯ ಅನುಮಾನಪಡಬೇಕು. ಚೀಟಿಯಲ್ಲಿ ವಯಸ್ಕರ ಮಿತಿಗಳನ್ನು ಮುದ್ರಿಸಿದ್ದರೆ ಈ ಅಪಾಯದ ಅಂಕಿ ಸಹಜವೆಂಬಂತೆ ದಾಟಿಹೋಗುತ್ತದೆ. ಮಳೆಗಾಲದಲ್ಲಿ ಇನ್ನೊಂದು ತೊಡಕಿದೆ: ಡೆಂಗಿಯಂಥ ಜ್ವರಗಳೂ ಬಿಳಿ ಕಣಗಳನ್ನು ತಾತ್ಕಾಲಿಕವಾಗಿ ಇಳಿಸುತ್ತವೆ. ಜ್ವರ ಬಿಟ್ಟು ಕೆಲವು ವಾರಗಳ ಮೇಲೆ ಮತ್ತೆ ಎಣಿಸಿದಾಗಲೇ ನಿಜ ತಿಳಿಯುವುದು. ಎಚ್‌ಐವಿ ಪರೀಕ್ಷೆಯನ್ನು ಆರಂಭದಲ್ಲೇ ಮಾಡಿಸಬೇಕು.

ಎರಡನೆಯ ಹಂತದಲ್ಲಿ ಇಮ್ಯುನೊಗ್ಲೋಬುಲಿನ್‌ಗಳ, ಅಂದರೆ ಪ್ರತಿಕಾಯಗಳ, ಅಳತೆ, ಎದೆಯ ಎಕ್ಸ್-ರೇ ಬರುತ್ತವೆ. ಎಸ್‌ಸಿಐಡಿ ಇರುವ ಶಿಶುವಿನ ಎಕ್ಸ್-ರೇಯಲ್ಲಿ ಟಿ ಕಣಗಳು ಬಲಿಯುವ ಥೈಮಸ್ ಗ್ರಂಥಿಯ ನೆರಳು ಕಾಣುವುದಿಲ್ಲ.

ಮೂರನೆಯ ಹಂತ ಫ್ಲೋ ಸೈಟೋಮೆಟ್ರಿ. ಬಣ್ಣ ಹತ್ತಿಸಿದ ಕಣಗಳನ್ನು ಲೇಸರ್ ಬೆಳಕಿನ ಮುಂದೆ ಒಂದೊಂದಾಗಿ ಹಾಯಿಸಿ, ಟಿ, ಬಿ ಮತ್ತು ಎನ್‌ಕೆ ಎಂಬ ಮೂರನೆಯ ಬಗೆಯ ಲಿಂಫೋಸೈಟ್ ಕಣಗಳನ್ನು ಬೇರ್ಪಡಿಸಿ ಎಣಿಸುವ ವಿಧಾನ ಇದು. ನ್ಯೂಟ್ರೋಫಿಲ್ ಮೇಲೆ ಸಿಡಿ18 ಇಲ್ಲದಿದ್ದರೆ ಮೊದಲ ಬಗೆಯ ಎಲ್‌ಎಡಿ ಖಚಿತವಾಗುತ್ತದೆ. ಸಿಜಿಡಿಗೆ ಹಿಂದೆ ಎನ್‌ಬಿಟಿ ಪರೀಕ್ಷೆ ಬಳಕೆಯಲ್ಲಿತ್ತು: ಆರೋಗ್ಯವಂತ ನ್ಯೂಟ್ರೋಫಿಲ್ ಹಳದಿ ಬಣ್ಣದ ರಾಸಾಯನಿಕವನ್ನು ಕಡುನೀಲಿಗೆ ತಿರುಗಿಸುತ್ತದೆ, ರೋಗಿಯದು ತಿರುಗಿಸದು. ಈಗ ಡಿಎಚ್‌ಆರ್ ಪರೀಕ್ಷೆ ಅದರ ಜಾಗಕ್ಕೆ ಬಂದಿದೆ. ಇದರಲ್ಲಿ ಚುರುಕಾದ ಕಣಗಳು ಹೊಳೆಯುತ್ತವೆ. ತಾಯಿಯ ರಕ್ತದಲ್ಲಿ ಹೊಳೆಯುವ ಮತ್ತು ಹೊಳೆಯದ ಎರಡು ಗುಂಪು ಕಂಡರೆ ಆಕೆ ಎಕ್ಸ್ ವರ್ಣತಂತುವಿನ ದೋಷದ ವಾಹಕಿ ಎಂದು ತಿಳಿಯುತ್ತದೆ. ನ್ಯೂಟ್ರೋಫಿಲ್‌ಗಳ ಆಯುಸ್ಸು ಚಿಕ್ಕದಾದ್ದರಿಂದ ಮಾದರಿ ಒಂದು ದಿನದೊಳಗೆ ಪ್ರಯೋಗಾಲಯ ಸೇರಬೇಕು, ಐಸ್‌ನಲ್ಲಿ ಇಡಬಾರದು, ಜೊತೆಗೆ ಆರೋಗ್ಯವಂತರೊಬ್ಬರ ರಕ್ತವನ್ನೂ ಹೋಲಿಕೆಗೆ ಕಳುಹಿಸಬೇಕು. ಕೊನೆಯ ಹಂತ ವಂಶವಾಹಿಯ ಪರೀಕ್ಷೆ. ಚಿಕಿತ್ಸೆಯ ಆಯ್ಕೆಗೂ ಕುಟುಂಬದ ಸಲಹೆಗೂ ಅದು ಆಧಾರ.

ದಹಿಸರ್, ಪರೇಲ್, ಬೆಂಗಳೂರು

ದಹಿಸರ್ ಪಶ್ಚಿಮ ರೈಲ್ವೆಯ ಉಪನಗರ ಮಾರ್ಗದಲ್ಲಿ ಮುಂಬಯಿ ಪಾಲಿಕೆಯ ಕೊನೆಯ ನಿಲ್ದಾಣ. ಮುಂದಿನ ಮೀರಾ ರೋಡ್ ಬೇರೆ ಪಾಲಿಕೆಯದು. ಪಕ್ಕದ ಬೊರಿವಲಿ ಪೂರ್ವದಲ್ಲಿ ಬೃಹನ್ಮುಂಬಯಿ ಮಹಾನಗರಪಾಲಿಕೆಯ ಥಲಸ್ಸೇಮಿಯಾ, ಮಕ್ಕಳ ರಕ್ತರೋಗ ಮತ್ತು ಅಸ್ಥಿಮಜ್ಜೆ ಕಸಿ ಕೇಂದ್ರವಿದೆ. ವಿಶೇಷ ಪರೀಕ್ಷೆಗಳಿಗಾಗಿ ಪರೇಲ್‌ಗೆ ಹೋಗುವವರು ಲೋಕಲ್‌ನಲ್ಲಿ ಪ್ರಭಾದೇವಿಯಲ್ಲಿ ಇಳಿದರೆ ಕೆಇಎಂ ಆವರಣವೂ, 1929ರಿಂದ ನಡೆದುಬಂದಿರುವ ಬಾಯಿ ಜೆರ್‌ಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆಯೂ ಹತ್ತಿರ. ವಾಡಿಯಾದ ಇಮ್ಯುನಾಲಜಿ ವಿಭಾಗ ಮತ್ತು ಇಮ್ಯುನೊಹೆಮಟಾಲಜಿ ಸಂಸ್ಥೆ ಜೊತೆಗೂಡಿ ಈ ರೋಗಗಳ ಬಗ್ಗೆ ಹಲವು ಅಧ್ಯಯನಗಳನ್ನು ಪ್ರಕಟಿಸಿವೆ. ಕರ್ನಾಟಕದಲ್ಲಿ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಹೆಬ್ಬಾಳದ ಆಸ್ಟರ್ ಸಿಎಂಐ ಆಸ್ಪತ್ರೆಗಳಲ್ಲಿ ಇಂಥ ಮಕ್ಕಳ ಆರೈಕೆಯಿದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಕೆಇಎಂ ಮತ್ತು ಇಂದಿರಾಗಾಂಧಿ ಸಂಸ್ಥೆ ಎರಡೂ ಉತ್ಕೃಷ್ಟತಾ ಕೇಂದ್ರಗಳು. ಎಸ್‌ಸಿಐಡಿ, ಸಿಜಿಡಿ, ವಿಸ್ಕಾಟ್–ಆಲ್ಡ್ರಿಚ್ ಆ ನೀತಿಯ ಮೊದಲ ಗುಂಪಿನಲ್ಲಿವೆ; ಅರ್ಹ ರೋಗಿಗೆ ಗರಿಷ್ಠ 50 ಲಕ್ಷ ರೂಪಾಯಿವರೆಗೆ ನೆರವಿಗೆ 2022ರಿಂದ ಅವಕಾಶವಿದೆ.

ಚಿಕಿತ್ಸೆ ಮತ್ತು ಎಚ್ಚರಿಕೆಗಳು

ಸಿಜಿಡಿಯವರಿಗೆ ನಿತ್ಯ ಕೋಟ್ರೈಮೊಕ್ಸಜೋಲ್ ಮತ್ತು ಇಟ್ರಕೊನಜೋಲ್, ನ್ಯೂಟ್ರೋಫಿಲ್ ಕೊರತೆಗೆ ಅವುಗಳ ಹುಟ್ಟನ್ನು ಹೆಚ್ಚಿಸುವ ಜಿ-ಸಿಎಸ್‌ಎಫ್ ಚುಚ್ಚುಮದ್ದು, ಪ್ರತಿಕಾಯಗಳಿಲ್ಲದವರಿಗೆ ಮೂರು-ನಾಲ್ಕು ವಾರಕ್ಕೊಮ್ಮೆ ಇಮ್ಯುನೊಗ್ಲೋಬುಲಿನ್ ಕೊಡುತ್ತಾರೆ. ಎಸ್‌ಸಿಐಡಿ, ತೀವ್ರ ಎಲ್‌ಎಡಿ ಮತ್ತು ಹಲವು ಸಿಜಿಡಿ ರೋಗಿಗಳಿಗೆ ಶಾಶ್ವತ ಪರಿಹಾರ ಅಸ್ಥಿಮಜ್ಜೆ ಕಸಿ. ಇಂಥ ಕೊರತೆಗಾಗಿ ಮೊದಲ ಯಶಸ್ವಿ ಕಸಿ ನಡೆದದ್ದು 1968ರಲ್ಲಿ, ಅಮೆರಿಕದ ಮಿನೆಸೋಟಾದಲ್ಲಿ. ಎಸ್‌ಸಿಐಡಿ ಶಿಶುವಿಗೆ ಸೋಂಕು ತಗಲುವ ಮುನ್ನ, ಮೊದಲ ಮೂರೂವರೆ ತಿಂಗಳೊಳಗೆ ಕಸಿಯಾದರೆ ಬದುಕುವ ಸಾಧ್ಯತೆ ತುಂಬ ಹೆಚ್ಚು. ಬೇಗ ಗುರುತಿಸುವುದಕ್ಕೆ ಇಷ್ಟು ಒತ್ತು ಕೊಡುವುದು ಈ ಕಾರಣಕ್ಕೇ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 2008ರಲ್ಲೇ ಎಲ್ಲ ನವಜಾತರ ಎಸ್‌ಸಿಐಡಿ ತಪಾಸಣೆ ಶುರುಮಾಡಿತು. ಅಂಥ ಸಾರ್ವತ್ರಿಕ ವ್ಯವಸ್ಥೆ ಭಾರತದಲ್ಲಿಲ್ಲದ ಕಾರಣ ಇಲ್ಲಿ ವೈದ್ಯರ ಅನುಮಾನವೇ ತಪಾಸಣೆ.

ಎಸ್‌ಸಿಐಡಿ ಶಂಕೆಯಿರುವ ಮಗುವಿಗೆ ಜೀವಂತ ಲಸಿಕೆಗಳನ್ನು ಹಾಕಬಾರದು; ರಕ್ತ ಕೊಡಬೇಕಾದರೆ ವಿಕಿರಣಕ್ಕೊಡ್ಡಿದ ರಕ್ತವನ್ನೇ ಕೊಡಬೇಕು. ಸಿಜಿಡಿಯವರು ಕೊಳೆತ ಎಲೆ, ಗೊಬ್ಬರ, ಹಳೆಯ ಗೋಡೆಯ ದೂಳಿನಿಂದ ದೂರವಿರಬೇಕು, ಏಕೆಂದರೆ ಆಸ್ಪರ್ಜಿಲಸ್ ಬೀಜಕಗಳು ಅಲ್ಲೇ ಹೆಚ್ಚು. ಹಳೆಯ ಕಟ್ಟಡಗಳನ್ನು ಕೆಡವಿ ಮರುಕಟ್ಟುತ್ತಿರುವ ಉಪನಗರಗಳಲ್ಲಿ ಇದು ದಿನನಿತ್ಯದ ಸವಾಲು. ಮಳೆಗಾಲದಲ್ಲಿ ಕರಾವಳಿಯ ಊರಿಗೆ ಹೋದಾಗ ಗದ್ದೆಯ ಕೆಸರು, ನಿಂತ ನೀರಿನಲ್ಲಿ ಆಡಿಸಬಾರದು; ಉಷ್ಣವಲಯದ ಮಣ್ಣು-ನೀರಿನಲ್ಲಿರುವ ಕ್ರೋಮೊಬ್ಯಾಕ್ಟೀರಿಯಮ್ ವಯೊಲೇಸಿಯಂ ಸಿಜಿಡಿಯವರಲ್ಲಿ ಪ್ರಾಣಕ್ಕೆ ಎರವಾಗುವ ನಂಜುಂಟುಮಾಡಬಲ್ಲದು.

ಕುಟುಂಬಕ್ಕೆ ಸಲಹೆ

ತಂದೆತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ರೋಗದ ಸಾಧ್ಯತೆ ನಾಲ್ಕರಲ್ಲೊಂದು. ತಾಯಿ ಎಕ್ಸ್ ದೋಷದ ವಾಹಕಿಯಾಗಿದ್ದರೆ ಪ್ರತಿ ಗಂಡುಮಗುವಿಗೂ ಎರಡರಲ್ಲೊಂದು. ದೋಷ ಯಾವುದೆಂದು ತಿಳಿದಿದ್ದರೆ ಗರ್ಭದ ಮೂರನೆಯ ತಿಂಗಳ ಹೊತ್ತಿಗೆ ಮಾಸುಪೊರೆಯ ಚೂರಿನಿಂದ ಪರೀಕ್ಷೆ ಸಾಧ್ಯ. ಮುಂದಿನ ಮಗು ಹುಟ್ಟಿದಾಗ ಬಿಸಿಜಿಯನ್ನು ತಡೆಹಿಡಿದು ಮೊದಲು ರಕ್ತಪರೀಕ್ಷೆ ಮಾಡಿಸಬೇಕು. ಹೆರಿಗೆ ಬೇರೆ ಊರಿನಲ್ಲಾಗುವುದಾದರೆ ಈ ಸೂಚನೆ ಬರಹದಲ್ಲಿ ಅಲ್ಲಿನ ವೈದ್ಯರಿಗೆ ತಲಪಿರಬೇಕು. ಮುಂಬಯಿಯಲ್ಲಿ ಪತ್ತೆಯಾದ ದೋಷವನ್ನು ಊರಲ್ಲಿರುವ ತಾಯಿಯ ಅಕ್ಕತಂಗಿಯರಿಗೂ ತಿಳಿಸುವುದು ಆನುವಂಶಿಕ ಸಲಹೆಯ ಭಾಗ. ಅವರಲ್ಲಿ ವಾಹಕಿಯರು ಯಾರೆಂದು ಗರ್ಭ ನಿಲ್ಲುವ ಮೊದಲೇ ಗೊತ್ತಾದರೆ, ಹುಟ್ಟುವ ಮಗುವಿನ ಪರೀಕ್ಷೆ ಮೊದಲ ಸೋಂಕಿಗಾಗಿ ಕಾಯಬೇಕಿಲ್ಲ.